ಕಾಣದ ಗ್ರಹ ಕಲ್ಲಿನದು ಎಂದು ಹೇಳುವುದು ಹೇಗೆ?

ಪ್ರಶ್ನೆ: ಟ್ರಾಪಿಸ್ಟ್-1 ನಕ್ಷತ್ರಕ್ಕೆ ಏಳು ಶಿಲಾಗ್ರಹಗಳಿವೆ ಎಂದು ಓದಿದೆ. ಅವನ್ನು ಯಾರೂ ನೇರವಾಗಿ ನೋಡಿಲ್ಲವಂತೆ. ಹಾಗಿದ್ದ ಮೇಲೆ ಅವು ಕಲ್ಲೋ ಅನಿಲವೋ ಎಂದು ಹೇಗೆ ಗೊತ್ತಾಯಿತು?

ಉತ್ತರ: ಎರಡು ಅಳತೆ ಸಿಕ್ಕರೆ ಸಾಕು. ಒಂದು ಗಾತ್ರ, ಇನ್ನೊಂದು ದ್ರವ್ಯರಾಶಿ. ಎರಡರಿಂದ ಸಾಂದ್ರತೆ ಹೊರಡುತ್ತದೆ. ಭೂಮಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 5.5 ಗ್ರಾಂ, ನೆಪ್ಚೂನಿನದು 1.6. ಕಲ್ಲು–ಕಬ್ಬಿಣದ ಗ್ರಹಕ್ಕೂ ಅನಿಲ ಹೊದ್ದ ಗ್ರಹಕ್ಕೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಗಾತ್ರ ಸಿಗುವುದು ಸಂಕ್ರಮಣದಿಂದ, ಅಂದರೆ ಗ್ರಹ ತನ್ನ ನಕ್ಷತ್ರಕ್ಕೆ ಅಡ್ಡ ಬರುವುದರಿಂದ. 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯಾಗಿ ಸಾಗಿದ್ದನ್ನು ನೀವು ನೋಡಿರಬಹುದು. ದೂರದ ನಕ್ಷತ್ರದಲ್ಲಿ ಚುಕ್ಕೆ ಕಾಣುವುದಿಲ್ಲ, ಬೆಳಕು ಕುಗ್ಗುವುದು ಮಾತ್ರ ಕಾಣುತ್ತದೆ. ಟ್ರಾಪಿಸ್ಟ್-1ರ ಮೊದಲ ಗ್ರಹ ಅಡ್ಡ ಬಂದಾಗ ಬೆಳಕು ಶೇ 0.7ರಷ್ಟು ಕುಗ್ಗುತ್ತದೆ. ಮರೆಯಾಗುವ ಬೆಳಕು ಬಿಂಬದ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ ತ್ರಿಜ್ಯಕ್ಕೆ ವರ್ಗಮೂಲ ತೆಗೆಯಬೇಕು; 0.007ರ ವರ್ಗಮೂಲ ಸುಮಾರು 0.084. ಅಂದರೆ ಗ್ರಹದ ತ್ರಿಜ್ಯ ನಕ್ಷತ್ರದ ತ್ರಿಜ್ಯದ ಶೇ 8.4. ಆ ನಕ್ಷತ್ರ ತೀರಾ ಪುಟ್ಟದು, ಭೂಮಿಯ ತ್ರಿಜ್ಯದ 13 ಪಟ್ಟು ಮಾತ್ರ. ಗುಣಿಸಿ ನೋಡಿ: ಗ್ರಹ ಭೂಮಿಯ 1.1 ಪಟ್ಟು. ಇದೇ ಲೆಕ್ಕ ಸೂರ್ಯನಿಗೆ ಹಾಕಿದರೆ ಭೂಮಿ ಮರೆಮಾಡುವುದು ಶೇ 0.0084 ಬೆಳಕನ್ನಷ್ಟೆ, ಅದೂ ವರ್ಷಕ್ಕೊಮ್ಮೆ, 13 ಗಂಟೆ. ಹೀಗಾಗಿಯೇ ಶಿಲಾಗ್ರಹ ಹುಡುಕುವವರು ಕೆಂಪು ಕುಬ್ಜ ನಕ್ಷತ್ರಗಳ ಬೆನ್ನು ಹತ್ತಿರುವುದು. 2016ರಲ್ಲಿ ಪ್ರಕಟವಾದ ಟ್ರಾಪಿಸ್ಟ್-1ರ ಮೊದಲ ಶೋಧಕ್ಕೆ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದ ವೀಕ್ಷಣೆಯೂ ನೆರವಾಗಿತ್ತು. ಆ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ.

ದ್ರವ್ಯರಾಶಿ ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ. ಗ್ರಹದ ಸೆಳೆತಕ್ಕೆ ನಕ್ಷತ್ರ ಎಷ್ಟು ಓಲಾಡುತ್ತದೆ ಎಂದು ಅಳೆಯುವುದು ರೂಢಿಯ ದಾರಿ. ಆದರೆ ಭೂಮಿ ಸೂರ್ಯನನ್ನು ಅಲುಗಿಸುವುದು ಸೆಕೆಂಡಿಗೆ ಬರೀ 9 ಸೆಂಟಿಮೀಟರ್ ವೇಗದಲ್ಲಿ. ಸೂರ್ಯನ ಮೇಲ್ಮೈ ಕುದಿದು ಏರಿಳಿಯುವುದೇ ಅದಕ್ಕಿಂತ ಎಷ್ಟೋ ಹೆಚ್ಚು. ಟ್ರಾಪಿಸ್ಟ್-1ರಲ್ಲಿ ಇನ್ನೊಂದು ದಾರಿ ಸಿಕ್ಕಿತು. ಏಳೂ ಗ್ರಹಗಳು ಒತ್ತೊತ್ತಾಗಿ ಸುತ್ತುತ್ತವೆ; ಒಳಗಿನದಕ್ಕೆ ಒಂದೂವರೆ ದಿನ, ಕೊನೆಯದಕ್ಕೆ ಸುಮಾರು 19 ದಿನ. ಒಂದನ್ನೊಂದು ಎಳೆಯುವುದರಿಂದ ಸಂಕ್ರಮಣ ಕೆಲವು ನಿಮಿಷ ಬೇಗ ಇಲ್ಲವೇ ತಡವಾಗಿ ಆಗುತ್ತದೆ. ಆ ನಿಮಿಷಗಳನ್ನು ವರ್ಷಗಟ್ಟಲೆ ಗುರುತು ಹಾಕಿ ಏಳೂ ಗ್ರಹಗಳನ್ನು ತೂಗಿದರು. ಏಳರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿದೆ, ಭೂಮಿಯಂಥ ಮಿಶ್ರಣಕ್ಕಿಂತ ತುಸು ಹಗುರ.

ಎಡವುವುದು ಎಲ್ಲಿ ಎಂದರೆ, ನಕ್ಷತ್ರದ ಅಳತೆಯಲ್ಲಿ. ನಕ್ಷತ್ರದ ತ್ರಿಜ್ಯ ಶೇ 10 ತಪ್ಪಿದರೆ ಗ್ರಹದ ತ್ರಿಜ್ಯವೂ ಶೇ 10 ತಪ್ಪುತ್ತದೆ, ಸಾಂದ್ರತೆ ಸುಮಾರು ಶೇ 30 ತಪ್ಪುತ್ತದೆ. ಇನ್ನೊಂದು ಮೋಸವಿದೆ. ಒಂದೇ ಚುಕ್ಕೆಯಂತೆ ಕಂಡದ್ದು ಸಮಾನ ಬೆಳಕಿನ ಎರಡು ನಕ್ಷತ್ರವಾಗಿದ್ದರೆ ಕುಗ್ಗುವಿಕೆ ಅರ್ಧಕ್ಕೆ ಇಳಿಯುತ್ತದೆ. ಆಗ ನಿಜಕ್ಕೂ ಭೂಮಿಯ ಎರಡು ಪಟ್ಟು ತ್ರಿಜ್ಯವಿರುವ ಗ್ರಹ 1.4 ಪಟ್ಟಿನದಾಗಿ ಕಾಣುತ್ತದೆ. ಭೂಮಿಯ ಸುಮಾರು 1.6 ಪಟ್ಟು ದಾಟಿದ ಗ್ರಹಗಳಲ್ಲಿ ಹೆಚ್ಚಿನವು ದಪ್ಪ ಹೊದಿಕೆಯವು. ಹಾಗಾಗಿ ಅನಿಲದ ಗ್ರಹವೊಂದು ಕಲ್ಲಿನ ಪಟ್ಟಿಗೆ ಸೇರಿಬಿಡುತ್ತದೆ. ಆದ್ದರಿಂದ ತೀಕ್ಷ್ಣ ಚಿತ್ರ ತೆಗೆದು ಜೊತೆ ನಕ್ಷತ್ರ ಇಲ್ಲವೆಂದು ಖಚಿತಪಡಿಸಿಕೊಳ್ಳದ ಗಾತ್ರವನ್ನು ನಾವು ನಂಬುವುದಿಲ್ಲ.

ಪ್ರಶ್ನೆ: ಧೂಳು ಸೇರಿ ಗ್ರಹವಾಯಿತು ಎನ್ನುತ್ತಾರೆ. ಕಲ್ಲಿಗೆ ಕಲ್ಲು ಬಡಿದರೆ ಒಡೆಯಬೇಕಲ್ಲವೇ, ಅಂಟುವುದು ಹೇಗೆ?

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಮೈಕ್ರಾನ್ ಗಾತ್ರದ ಧೂಳು ಮೆಲ್ಲಗೆ ತಾಗಿದರೆ ಅಂಟುತ್ತದೆ. ಮಿಲಿಮೀಟರ್ ದಾಟಿದ ಮೇಲೆ ಪುಟಿಯುತ್ತದೆ, ವೇಗ ಹೆಚ್ಚಾದರೆ ಪುಡಿಯಾಗುತ್ತದೆ. ಇದರ ಮೇಲೆ ಎದುರುಗಾಳಿ ಬೇರೆ. ಎಳೆಯ ನಕ್ಷತ್ರದ ಸುತ್ತಲಿನ ಅನಿಲ ಒತ್ತಡದ ಆಸರೆಯಿಂದ ಕಲ್ಲಿಗಿಂತ ತುಸು ನಿಧಾನ ಸುತ್ತುತ್ತದೆ. ಭೂಮಿಯ ದೂರದಲ್ಲಿ ಒಂದು ಮೀಟರಿನ ಬಂಡೆಯಿದ್ದರೆ ಆ ಗಾಳಿಗೆ ವೇಗ ಕಳೆದುಕೊಂಡು ನೂರಾರು ವರ್ಷದೊಳಗೆ ನಕ್ಷತ್ರಕ್ಕೆ ಬಿದ್ದುಹೋಗುತ್ತದೆ.

ಈ ಮೀಟರ್ ಗಂಡಾಂತರವನ್ನು ದಾಟಿಸುವುದು ಗುಂಪು. ಸೈಕಲ್ ಸವಾರರು ಒಬ್ಬರ ಹಿಂದೊಬ್ಬರು ಹೋದರೆ ಗಾಳಿಯ ಪೆಟ್ಟು ಕಡಿಮೆಯಾಗುವಂತೆ, ಪುಟ್ಟ ಕಲ್ಲಿನ ಹರಳುಗಳು ಒಟ್ಟಿಗಿದ್ದಾಗ ಎದುರುಗಾಳಿ ತಗ್ಗುತ್ತದೆ. ಒಂಟಿ ಹರಳುಗಳು ಬಂದು ಆ ಗುಂಪಿಗೆ ಸೇರುತ್ತವೆ. ದಟ್ಟಣೆ ಮಿತಿ ಮೀರಿದಾಗ ಇಡೀ ಮೋಡ ತನ್ನದೇ ಗುರುತ್ವಕ್ಕೆ ಕುಸಿದು ಒಮ್ಮೆಲೇ ಹತ್ತಾರು, ನೂರಾರು ಕಿಲೋಮೀಟರಿನ ಪಿಂಡವಾಗುತ್ತದೆ. ಹರಳುಗಳು ಹೀಗೆ ಗುಂಪುಗೂಡುವುದನ್ನು ವಿಜ್ಞಾನಿಗಳಾದ ಯೂಡಿನ್ ಮತ್ತು ಗುಡ್‌ಮನ್ 2005ರಲ್ಲಿ ವಿವರಿಸಿದರು. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಕಂಡ, ನೆಪ್ಚೂನಿನಾಚೆಯ ಪುಟ್ಟ ಕಾಯ ಅರೋಕೋಥ್‌ನಲ್ಲಿ ಎರಡು ಉಂಡೆಗಳು ಒತ್ತಿಟ್ಟಂತೆ ಕೂಡಿವೆ. ಬಡಿದು ಚೂರಾದ ಗುರುತೇ ಇಲ್ಲ.

ಆ ಹರಳುಗಳನ್ನು ಇಂದಿಗೂ ನೋಡಬಹುದು. ಕಾಂಡ್ರೈಟ್ ಉಲ್ಕಾಶಿಲೆಯ ಕೊಯ್ದ ಮುಖವನ್ನು ಭೂತಗನ್ನಡಿಯಲ್ಲಿ ಹಿಡಿದರೆ ರಾಗಿ ಕಾಳಿನಂಥ ದುಂಡನೆಯ ಮಣಿಗಳು ಒತ್ತೊತ್ತಾಗಿ ಕೂತಿರುತ್ತವೆ. 1969ರಲ್ಲಿ ಮೆಕ್ಸಿಕೊದಲ್ಲಿ ಬಿದ್ದ ಅಯೆಂದೆ ಉಲ್ಕೆಯಲ್ಲಿ ಮಣಿಗಳ ನಡುವೆ ಬಿಳಿ ಕಲೆಗಳೂ ಇವೆ. ಅಂಥ ಕಲೆಗಳ ವಯಸ್ಸು 456.7 ಕೋಟಿ ವರ್ಷ, ಸೌರಮಂಡಲದಲ್ಲೇ ಹುಟ್ಟಿದವುಗಳಲ್ಲಿ ನಾವು ಅಳೆದ ಅತಿ ಹಳೆಯ ಘನವಸ್ತು ಅದೇ.

ಮುಂದಿನದು ಬೇಗ ಹೇಳಬಹುದು. ಅಲ್ಯೂಮಿನಿಯಂ-26ರ ವಿಕಿರಣದ ಕಾವಿಗೆ ಪಿಂಡಗಳು ಕರಗಿ ಕಬ್ಬಿಣ ತಳಕ್ಕಿಳಿಯಿತು. ಕೆಲವೇ ದಶಲಕ್ಷ ವರ್ಷಗಳಲ್ಲಿ ಅನಿಲ ಚದುರಿತು. ಉಳಿದ ಗ್ರಹಭ್ರೂಣಗಳು, ಅಂದರೆ ಅರೆಬೆಳೆದ ಗ್ರಹಗಳು, ಡಿಕ್ಕಿ ಹೊಡೆದು ಬೆಳೆದವು. ಭೂಮಿ ಪೂರ್ಣವಾಗಲು ಕೆಲವು ಕೋಟಿ ವರ್ಷ ಹಿಡಿಯಿತು.

ಪ್ರಶ್ನೆ: ನನ್ನ 8 ಇಂಚಿನ ದೂರದರ್ಶಕದಲ್ಲಿ ಇಂಥ ಸಂಕ್ರಮಣ ಹಿಡಿಯಬಹುದೇ?

ಉತ್ತರ: ಶಿಲಾಗ್ರಹದ್ದು ಆಗದು. ಟ್ರಾಪಿಸ್ಟ್-1 ನಿಮ್ಮ ದೂರದರ್ಶಕಕ್ಕೆ ತೀರಾ ಮಂಕು. ಆದರೆ ಅದೇ ಕೆಲಸವನ್ನು ಎಚ್‌ಡಿ 189733 ನಕ್ಷತ್ರದ ಗುರುವಿನಂಥ ಗ್ರಹದ ಮೇಲೆ ಕಲಿಯಬಹುದು. ಡಂಬೆಲ್ ನೀಹಾರಿಕೆಯ ಪಕ್ಕದಲ್ಲೇ ಇದೆ, ಅಕ್ಟೋಬರ್ ಸಂಜೆ ನಮ್ಮಲ್ಲಿ ನೆತ್ತಿಯ ಹತ್ತಿರ. ಪ್ರಕಾಶಾಂಕ 7.7, ಸಂಕ್ರಮಣ 2.2 ದಿನಕ್ಕೊಮ್ಮೆ, ಸುಮಾರು 1 ಗಂಟೆ 50 ನಿಮಿಷ, ಕುಗ್ಗುವಿಕೆ ಶೇ 2ಕ್ಕಿಂತ ಹೆಚ್ಚು.

ಫೋಕಸ್ ಬೇಕೆಂದೇ ಸ್ವಲ್ಪ ಕೆಡಿಸಿ, ನಕ್ಷತ್ರ ಸಣ್ಣ ಬಳೆಯಂತೆ ಹರಡಲಿ. ಇಲ್ಲದಿದ್ದರೆ ಪಿಕ್ಸೆಲ್ ತುಂಬಿ ಹರಿದು ಅಳತೆ ಹಾಳಾಗುತ್ತದೆ. ಅದೇ ಚೌಕಟ್ಟಿನಲ್ಲಿ ಹೋಲಿಕೆಗೆ ಬಣ್ಣ, ಕಾಂತಿ ಹತ್ತಿರವಿರುವ ನಕ್ಷತ್ರ ಆರಿಸಿ. ಫ್ಲ್ಯಾಟ್ ಚಿತ್ರ (ಸಮನಾಗಿ ಬೆಳಗಿದ ಹಿನ್ನೆಲೆಯ ಚಿತ್ರ) ತಪ್ಪದೆ ತೆಗೆಯಿರಿ. ರಾತ್ರಿಯ ನಡುವೆ ದೂರದರ್ಶಕ ಹೊತ್ತ ಮೌಂಟ್ ಮಗುಚಿದರೆ ನಕ್ಷತ್ರ ಬೇರೆ ಪಿಕ್ಸೆಲ್‌ಗೆ ಹೋಗಿ ಬೆಳಕಿನ ಏರಿಳಿತದ ರೇಖೆಯಲ್ಲಿ ಮೆಟ್ಟಿಲು ಬೀಳುತ್ತದೆ, ಅದನ್ನೇ ಗ್ರಹವೆಂದು ತಿಳಿದವರಿದ್ದಾರೆ. ಸಂಕ್ರಮಣಕ್ಕೆ ಒಂದು ಗಂಟೆ ಮೊದಲೇ ಶುರುಮಾಡಿ, ಮುಗಿದ ಮೇಲೂ ಒಂದು ಗಂಟೆ ಬಿಡಬೇಡಿ. ಎರಡೂ ಬದಿಯ ಸಮತಟ್ಟು ಸಿಗದಿದ್ದರೆ ತಗ್ಗು ಎಷ್ಟು ಆಳವೆಂದು ಲೆಕ್ಕ ಹಾಕಲು ಬರುವುದಿಲ್ಲ.