ನಗರ ಬಿಡುವ ಮುನ್ನ ಮೆಚ್ಚಿನ ಹೋಟೆಲುಗಳ ಪಟ್ಟಿ ಮುಗಿಯದಿದ್ದರೆ
ಮೂರು ವಾರಗಳಲ್ಲಿ ನಗರ ಬಿಡಲಿದ್ದೀರಿ, ಆದರೆ ಬಡಾವಣೆಯಲ್ಲಿ ಕೊನೆಯದಾಗಿ ಊಟ ಮಾಡಬೇಕಾದ ಜಾಗಗಳ ಪಟ್ಟಿ ಉದ್ದವಾಗುತ್ತಲೇ ಇದೆ ಎಂದು ಬರೆದಿದ್ದೀರಿ. ವರ್ಷಗಳಿಂದ ಹೋಗುತ್ತಿದ್ದ ಜಾಗಗಳನ್ನೂ, ಹೋಗಬೇಕೆಂದುಕೊಂಡು ಒಮ್ಮೆಯೂ ಹೋಗದ ಜಾಗಗಳನ್ನೂ ಒಟ್ಟಿಗೆ ಸೇರಿಸಿರುವುದೇ ಬಹುಶಃ ಇದಕ್ಕೆ ಕಾರಣ.

ಮೊದಲು ಎರಡನೆಯ ಬಗೆಯವನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ. ಉಳಿದವುಗಳಲ್ಲಿ, ಹೆಸರುವಾಸಿಯಾದ ದೊಡ್ಡ ಹೋಟೆಲುಗಳು ನೀವು ಮುಂದೆ ಬಂದಾಗಲೂ ಇರುವ ಸಾಧ್ಯತೆ ಹೆಚ್ಚು. ಬಾಡಿಗೆಯ ಮಳಿಗೆಯಲ್ಲಿ ಒಬ್ಬರ ಕೈರುಚಿಯನ್ನೇ ನಂಬಿ ನಡೆಯುವ ಸಣ್ಣ ಜಾಗಗಳಿಗೆ ಆ ಖಾತ್ರಿಯಿಲ್ಲವಾದ್ದರಿಂದ ಅವನ್ನು ಪಟ್ಟಿಯ ಮೊದಲಿಗೆ ತನ್ನಿ. ಅನಂತರ ಪ್ರತಿಯೊಂದಕ್ಕೂ ವಾರದ ರಜೆ ಯಾವಾಗ, ನಿಮಗೆ ಬೇಕಾದ ತಿನಿಸು ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂಬುದನ್ನು ವಿಚಾರಿಸಿ, ಆ ಪ್ರಕಾರವೇ ದಿನ ಗೊತ್ತುಮಾಡಿ.

ನಡೆದು ಹೋಗುವಷ್ಟು ಹತ್ತಿರವಿರುವ ಎರಡು ಮೂರು ಜಾಗಗಳನ್ನು ಮಾತ್ರ ಕೊನೆಯ ದಿನಗಳಿಗೆ ಉಳಿಸಿಕೊಳ್ಳಿ. ಪಾತ್ರೆ ಪಗಡಗಳನ್ನು ಕಟ್ಟಿಟ್ಟ ಮೇಲೆ ಹೇಗೂ ಹೊರಗೆ ಉಣ್ಣಬೇಕಾಗುತ್ತದೆ, ಆಗ ದೂರ ಹೋಗುವ ತ್ರಾಣವೂ ಇರುವುದಿಲ್ಲ. ಬೀಳ್ಕೊಡಲು ಕರೆಯುವ ಗೆಳೆಯರಿಗೆ ಜಾಗವನ್ನು ನೀವೇ ಸೂಚಿಸಿದರೆ ಪಟ್ಟಿಯ ಒಂದಷ್ಟು ಭಾಗ ತಾನಾಗಿ ಮುಗಿಯುತ್ತದೆ.

ನೀವು ಒಬ್ಬರೇ ಹೋಗುತ್ತೀರೋ ಮನೆಯವರೊಂದಿಗೋ ಎಂಬುದು ಪ್ರಶ್ನೆಯಲ್ಲಿಲ್ಲ. ಒಬ್ಬರೇ ಆದರೆ ಜನಸಂದಣಿ ಕಡಿಮೆಯಿರುವ ಹೊತ್ತಿಗೆ ಹೋಗಿ, ಮಾಲೀಕರೊಂದಿಗೆ ನಾಲ್ಕು ಮಾತಾಡಲು ಬಿಡುವು ಸಿಗಬಹುದು. ಮನೆಯವರಿದ್ದರೆ ಪ್ರತಿಯೊಬ್ಬರೂ ಬಿಡಲಾಗದ ಒಂದೊಂದು ಜಾಗವನ್ನು ಹೇಳಲಿ, ಅವಕ್ಕೆ ಮೊದಲು ದಿನ ಗುರುತಿಸಿ.