ಓದುಗರ ಪ್ರಶ್ನೆ: ಕಲ್ಲಿನ ಶಾಪಕ್ಕೆ ಯಾರು ಹೆದರುತ್ತಿದ್ದರು?

ಪ್ರಶ್ನೆ: ನಮ್ಮೂರ ಕೆರೆ ಏರಿಯ ಮೇಲೆ ಅಕ್ಷರದ ಕಲ್ಲೊಂದಿದೆ. ಕೊನೆಯ ಸಾಲುಗಳಲ್ಲಿ ಶಾಪ ಕೆತ್ತಿದ್ದಾರೆ ಎನ್ನುತ್ತಾರೆ ಹಿರಿಯರು. ಸಮಾಜದ ಆತ್ಮಸಾಕ್ಷಿ ಅನ್ನುತ್ತೇವಲ್ಲ, ಹಿಂದಿನವರಿಗೆ ಅದು ಈ ಶಾಪವೇ?
— ಓದುಗರೊಬ್ಬರು, ಬೇಲೂರು ತಾಲ್ಲೂಕು

ಉತ್ತರ: ಶಾಪ ಶಾಸನದ ಬಾಲ ಮಾತ್ರ. ದಾನಶಾಸನವನ್ನು ನೆತ್ತಿಯಿಂದ ಓದುತ್ತಾ ಬನ್ನಿ. ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಸೂರ್ಯಚಂದ್ರರು ಇರುವ ತನಕ ದಾನ ನಡೆಯಲಿ ಎಂದರ್ಥ. (ನಿಧಿಯ ಗುರುತೆಂದು ಬುಡ ಅಗೆದು ಕಲ್ಲು ಉರುಳಿಸುವವರಿಗೆ ಸಿಗುವುದು ಮಣ್ಣು.) ಆಮೇಲೆ ದೇವರ ಸ್ತುತಿ, ಅರಸನ ಬಿರುದುಗಳು, ಶಕವರ್ಷ, ಸಂವತ್ಸರ, ತಿಥಿ. ವ್ಯವಹಾರ ಶುರುವಾಗುವುದು ಅಲ್ಲಿಂದ: ಯಾರು ಯಾರಿಗೆ ಎಷ್ಟು ಕೊಟ್ಟರು. ಗದ್ದೆಯಾದರೆ ಬಿತ್ತುವ ಬೀಜದ ಲೆಕ್ಕದಲ್ಲಿ ಸಲಗೆ, ಕೊಳಗ, ಬೆದ್ದಲಾದರೆ (ಮಳೆ ನಂಬಿದ ಹೊಲ) ಕಂಬ ಎಂಬ ಅಳತೆ. ನಾಲ್ಕು ದಿಕ್ಕಿಗೂ ಎಲ್ಲೆ: ಇಂಥ ಹಳ್ಳ, ಇಂಥ ಮರ, ನೆಟ್ಟ ಕಲ್ಲು. ಕೆಲವದರಲ್ಲಿ ಸಾಕ್ಷಿಗಳ ಹೆಸರೂ ಇರುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ಶಾಪ.

ಅದೂ ಬಹುಮಟ್ಟಿಗೆ ಸಿದ್ಧಪಾಠ. 'ಸ್ವದತ್ತಾಂ ಪರದತ್ತಾಂ ವಾ' ಶ್ಲೋಕದ ಪ್ರಕಾರ, ತಾನೇ ಕೊಟ್ಟದ್ದಿರಲಿ ಬೇರೆಯವರು ಕೊಟ್ಟದ್ದಿರಲಿ, ಭೂಮಿ ಕಸಿದವನು 60,000 ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. ನಿಮ್ಮ ತಾಲ್ಲೂಕಿನದೇ ಆದ ಹಲ್ಮಿಡಿ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 450ರಲ್ಲೇ, ಅಳಿಸಿದವನಿಗೆ 'ಮಹಾಪಾತಕ' ಎಂಬ ಮಾತಿದೆ. ಹೀಗೆ ಬೈದಿಡಬೇಕಾಯಿತು ಎಂದರೆ ದಾನ ನುಂಗುವವರು ಆಗಲೂ ಇದ್ದರು ಎಂದಾಯಿತು. ನಮಗೆ ಇನ್ನೊಂದು ಶ್ಲೋಕವೇ ಹೆಚ್ಚು ತೂಕದ್ದಾಗಿ ಕಾಣುತ್ತದೆ: ದಾನ ಕೊಟ್ಟವನಿಗೆ ಸ್ವರ್ಗ, ಅದನ್ನು ಪಾಲಿಸಿದವನಿಗೆ ಅದಕ್ಕೂ ಮೇಲಿನ ಅಚ್ಯುತಪದ. ಕೊಟ್ಟವನು ಒಬ್ಬ, ಪಾಲಿಸಬೇಕಾದವರು ಊರಿಗೆ ಊರೇ.

ಇನ್ನು ನೀವು ಕೇಳಿದ ಸಮಾಜದ ಆತ್ಮಸಾಕ್ಷಿ. ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1893ರಲ್ಲಿ ಅದರ ಬಗ್ಗೆ ಬರೆದಾಗ ಬಳಸಿದ ಫ್ರೆಂಚ್ ಪದಕ್ಕೆ ಅರಿವು, ಮನಸ್ಸಾಕ್ಷಿ ಎಂಬ ಎರಡೂ ಅರ್ಥಗಳಿವೆ. ನಮ್ಮ ಪದದಲ್ಲಂತೂ ಸಾಕ್ಷಿಯೇ ಕೂತಿದೆ. ಹುಳುವಾಗಿ ಹುಟ್ಟುವ ಭಯಕ್ಕಿಂತ, ಎಲ್ಲೆ ಎಲ್ಲಿದೆಯೆಂದು ಪಕ್ಕದ ಗದ್ದೆಯವನಿಗೂ ಗೊತ್ತು ಎನ್ನುವುದೇ ಜಾಸ್ತಿ ಕೆಲಸ ಮಾಡಿರಬೇಕು.

ಪ್ರಶ್ನೆ: ದೇವರ ಹೆಸರು ಹೇಳದೆ ಸಮಾಜದ ಹೆಸರಲ್ಲೇ ತಪ್ಪನ್ನು ತಪ್ಪು ಎಂದ ಶಾಸನ ನಮ್ಮ ಕಡೆ ಇದೆಯೇ?
— ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ದೇವರನ್ನು ಪೂರ್ತಿ ಬಿಟ್ಟದ್ದು ಸಿಗುವುದು ಕಷ್ಟ. ಆದರೆ ನಿಮ್ಮ ತಾಲ್ಲೂಕಿನ ಶ್ರವಣಬೆಳಗೊಳದಲ್ಲೇ, ಭಂಡಾರಿ ಬಸದಿಯಲ್ಲಿ, ವಿಜಯನಗರದ ಅರಸ ಬುಕ್ಕರಾಯನ ಕಾಲದ ಶಕ 1290ರ (ಕ್ರಿ.ಶ. 1368) ಶಾಸನ ನೋಡಿ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು, ಜೈನರು ಅರಸನಲ್ಲಿ ದೂರು ಕೊಟ್ಟರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಪಂಚಮಹಾವಾದ್ಯ, ಕಳಶ ಮೊದಲಿನಂತೆಯೇ ಜೈನರಿಗೂ ಸಲ್ಲಬೇಕು. ಜೈನರಿಗೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮದೆಂದೇ ತಿಳಿಯಬೇಕು.

ಬರೀ ಮಾತಲ್ಲಿ ಬಿಡಲಿಲ್ಲ. ಜೈನರು ಮನೆಗೊಂದು ಹಣದಂತೆ ವರ್ಷಾವರ್ಷ ಕೊಡಬೇಕು, ಆ ದುಡ್ಡಿನಲ್ಲಿ ಗೊಮ್ಮಟನ ಕಾವಲಿಗೆ ಇಪ್ಪತ್ತು ಆಳು ಇಡಬೇಕು, ಉಳಿದದ್ದು ಜಿನಾಲಯಗಳ ಸುಣ್ಣ, ರಿಪೇರಿಗೆ. ಮೀರಿದವನು 'ರಾಜದ್ರೋಹಿ', ಜೊತೆಗೆ 'ಸಂಘ ಸಮುದಾಯಕ್ಕೆ ದ್ರೋಹಿ'. ನೀವು ಕೇಳಿದ್ದು ಈ ಎರಡನೆಯ ಮಾತನ್ನು.

ಪ್ರಶ್ನೆ: ಶಾಸನದಲ್ಲಿ ದೇವಸ್ಥಾನಕ್ಕೆ ಬಿಟ್ಟ ಗದ್ದೆ ಈಗ ಬೇರೆಯವರ ಹೆಸರಲ್ಲಿದೆ. ಕಲ್ಲು ತೋರಿಸಿ ಕೇಳಬಹುದೇ?
— ಓದುಗರೊಬ್ಬರು, ಕಡೂರು

ಉತ್ತರ: ಕಲ್ಲೊಂದನ್ನೇ ಹಿಡಿದು ಹೋದರೆ ನಿಲ್ಲುವುದಿಲ್ಲ. ಹಳೇ ಮೈಸೂರಿನಲ್ಲಿ ಇನಾಂಗಳು (ದೇವಸ್ಥಾನಕ್ಕೋ ವ್ಯಕ್ತಿಗೋ ಹೀಗೆ ಬಿಟ್ಟ ಜಮೀನುಗಳು) 1954, 1955ರ ಕಾಯ್ದೆಗಳಿಂದ ರದ್ದಾದವು. ಪಹಣಿ, ಮ್ಯುಟೇಶನ್ ದಾಖಲೆ ಮೊದಲು ನೋಡಿ.

ಪ್ರಶ್ನೆ: ಕಲ್ಲಿನ ಮೇಲೆ ಪಾಚಿ, ಸುಣ್ಣ. ಓದುವುದು ಹೇಗೆ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಮೊದಲು ಅದು ಈಗಾಗಲೇ ಅಚ್ಚಾಗಿದೆಯೇ ನೋಡಿ. ಬಿ.ಎಲ್. ರೈಸ್ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ' ಎಂಬ ಶಾಸನ ಸಂಗ್ರಹದಲ್ಲಿ ಹಾಸನ ಜಿಲ್ಲೆ 5ನೇ ಸಂಪುಟ, ಚಿಕ್ಕಮಗಳೂರಿನದು 'ಕಡೂರು ಜಿಲ್ಲೆ' ಹೆಸರಿನ 6ನೇ ಸಂಪುಟ. ತಾಲ್ಲೂಕುವಾರು ನಂಬರಿದೆ. ಸಕಲೇಶಪುರ ಎಂದು ಹುಡುಕಿದರೆ ಸಿಗದು. ತಾಲ್ಲೂಕಿನ ಹಳೆಯ ಹೆಸರು ಮಂಜರಾಬಾದ್ ಎಂದು ನೋಡಬೇಕು.

ತೊಳೆಯಲು ನೀರು, ಮೆತ್ತನೆಯ ಬ್ರಷ್ ಸಾಕು. ತಂತಿ ಬ್ರಷ್, ಆ್ಯಸಿಡ್ ಬೇಡವೇ ಬೇಡ: ಬಳಪದ ಕಲ್ಲಾದರೆ ಉಗುರಿಗೂ ಗೀರು ಬೀಳುತ್ತದೆ, ಆ ಗೀರೇ ಮುಂದೆ ಅಕ್ಷರದಂತೆ ಕಂಡು ತಪ್ಪು ಓದಿಸುತ್ತದೆ. ಗಟ್ಟಿ ಕೂತ ಸುಣ್ಣವನ್ನು ಕೆರೆಯದೆ ಪುರಾತತ್ವ ಇಲಾಖೆಯವರಿಗೆ ಬಿಡಿ. ಫೋಟೋ ನಡುಹಗಲಲ್ಲಿ ತೆಗೆದರೆ ಅಕ್ಷರ ಮಲಗಿಬಿಡುತ್ತದೆ. ಬೆಳಗಿನ ಓರೆ ಬಿಸಿಲಲ್ಲಿ, ಇಲ್ಲವೇ ಕತ್ತಲಾದ ಮೇಲೆ ಒಂದು ಪಕ್ಕದಿಂದ ಟಾರ್ಚ್ ಹಿಡಿದು, ಅಳತೆಗೆ ಸ್ಕೇಲ್ ಇಟ್ಟು, ನಾಲ್ಕೂ ಮುಖ ತೆಗೆಯಿರಿ. ಜೊತೆಗೆ ಸರ್ವೆ ನಂಬರ್ ಬರೆದಿಡಿ.

ಪಡಿಯಚ್ಚನ್ನು ಪಳಗಿದವರ ಕೈಯಲ್ಲೇ ತೆಗೆಸಿ. ಕಲ್ಲಿಗಿಂತ ಸುತ್ತಲೂ ಎರಡಿಂಚು ದೊಡ್ಡದಾದ ಕಾಗದವನ್ನು ನೆನೆಸಿ, ನಡುವಿನಿಂದ ಅಂಚಿಗೆ ಗಾಳಿ ಹೊರದೂಡುತ್ತಾ ಹಾಸಿ, ಅಕ್ಷರದ ಕುಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯುತ್ತಾರೆ. ಅರೆ ಒಣಗಿದಾಗ ಮಸಿಯುಂಡೆಯಿಂದ ತಟ್ಟಿದರೆ ಕಪ್ಪಿನಲ್ಲಿ ಬಿಳಿ ಅಕ್ಷರ ಏಳುತ್ತದೆ. ಹಸಿಯಿರುವಾಗ ಮಸಿ ಹಾಕಿದರೆ ಕುಳಿಗೂ ಹರಿಯುತ್ತದೆ. ತೀರಾ ಒಣಗಲು ಬಿಟ್ಟರೆ ಕಾಗದವೇ ಎದ್ದುಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಒಣಗುವುದೇ ಇಲ್ಲ, ಆದ್ದರಿಂದ ಡಿಸೆಂಬರ್ ತನಕ ಕಾಯಿರಿ.