ಎಲೆಯಿಂದ ಹೊಲದವರೆಗಿನ ಲೆಕ್ಕ ಬರೆಯಿರಿ

ನಮಸ್ಕಾರ. ದ್ಯುತಿಸಂಶ್ಲೇಷಣೆಯ ಗಣಿತ ಮಾದರಿ ಬಳಸಿ ಬೆಳೆ ಮತ್ತು ಹುಲ್ಲುಗಾವಲಿನ ಇಳುವರಿಯನ್ನು ಮುಂಚೆಯೇ ಅಂದಾಜು ಮಾಡುವ ಬಗ್ಗೆ ನೀವು ಬರೆದ ಲೇಖನ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ.

ಸೂರ್ಯನನ್ನು ಹೊಗಳುವ ಮೊದಲ ಪುಟ ತೆಗೆದುಬಿಡಿ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು 1980ರಲ್ಲಿ ಫಾರ್ಕ್ವಾರ್ ಮತ್ತು ಸಂಗಡಿಗ ವಿಜ್ಞಾನಿಗಳು ಎಲೆಯ ದ್ಯುತಿಸಂಶ್ಲೇಷಣೆಗೆ ಕೊಟ್ಟ ಮಾದರಿಯ ಹೆಸರು ಬಂದಾಗ. ಅಲ್ಲೇ ನೀವು ಒಂದು ಸಾಲು ಬರೆದು ಮುಂದೆ ಓಡಿದ್ದೀರಿ! ಅದರ ತಿರುಳು ಯಾರಿಗೂ ಅರ್ಥವಾಗುವಂಥದ್ದು. ರುಬಿಸ್ಕೊ ಕಿಣ್ವ ಇಂಗಾಲದ ಡೈಆಕ್ಸೈಡನ್ನು ಹಿಡಿಯಲು ಒಂದು ವೇಗವಿದೆ. ಬೆಳಕಿನಿಂದ ಶಕ್ತಿ ಒದಗಲು ಇನ್ನೊಂದು ವೇಗವಿದೆ. ಇವೆರಡರಲ್ಲಿ ಯಾವುದು ನಿಧಾನವೋ ಎಲೆಯ ವೇಗವೂ ಅಷ್ಟೇ. ರುಬಿಸ್ಕೊ ಆಮ್ಲಜನಕವನ್ನೂ ಹಿಡಿದುಬಿಡುತ್ತದೆ, ಆಗ ಗಳಿಸಿದ ಇಂಗಾಲದಲ್ಲಿ ಒಂದಿಷ್ಟು ಕೈತಪ್ಪುತ್ತದೆ. ಬಿಸಿ ಏರಿದಂತೆ ಈ ನಷ್ಟ ಜಾಸ್ತಿ. ಮೆಕ್ಕೆಜೋಳ, ಕಬ್ಬಿನಂಥ ಸಿ4 ಗಿಡಗಳು ಇಂಗಾಲದ ಡೈಆಕ್ಸೈಡನ್ನು ರುಬಿಸ್ಕೊ ಬಳಿ ಒಟ್ಟುಗೂಡಿಸಿ ಇದನ್ನು ಬಹುಪಾಲು ತಪ್ಪಿಸಿಕೊಳ್ಳುತ್ತವೆ. ಗೋಧಿ, ಭತ್ತದಂಥ ಸಿ3 ಗಿಡಗಳಿಗೆ ಅದು ಆಗದು. ಒಂದೇ ಹುಲ್ಲುಗಾವಲಿನಲ್ಲಿ ಎರಡೂ ಬಗೆಯ ಹುಲ್ಲು ಇರಬಹುದು ಅಲ್ವಾ? ಹಾಗಿದ್ದರೆ ಒಂದೇ ಲೆಕ್ಕ ಹೇಗೆ ಸಾಕು? ನಿಮ್ಮ ಲೇಖನದಲ್ಲಿ ಈ ಪ್ರಶ್ನೆಯೇ ಇಲ್ಲ.

"ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ ಇಳುವರಿ ಹೆಚ್ಚುತ್ತದೆ" ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಗಿಡ ಗಳಿಸಿದ ಇಂಗಾಲದಲ್ಲಿ ಹೆಚ್ಚುಕಡಿಮೆ ಅರ್ಧ ಅದರ ಉಸಿರಾಟಕ್ಕೇ ಹೋಗುತ್ತದೆ. ಉಳಿದದ್ದರಲ್ಲಿ ಬೇರಿಗೆಷ್ಟು, ಕಾಳಿಗೆಷ್ಟು? ಹುಲ್ಲಿನಲ್ಲಂತೂ ದೊಡ್ಡ ಪಾಲು ನೆಲದೊಳಗೆ ಸೇರುತ್ತದೆ, ಮೇಲಿನದ್ದನ್ನು ದನ ಮೇಯುತ್ತದೆ. ಸಾರಜನಕವೋ ನೀರೋ ಕೊರತೆಯಾದರೆ ಎಲೆ ಎಷ್ಟೇ ಚುರುಕಾಗಿದ್ದರೂ ಹೊಲ ಸೊರಗುತ್ತದೆ. ಓದುವ ರೈತರು ನಿಮ್ಮ ಆ ಒಂದು ಸಾಲನ್ನು ನಂಬಿಬಿಟ್ಟರೆ ಎಂಬ ಚಿಂತೆ ನನಗೆ.

ಎಲೆಯ ಲೆಕ್ಕವನ್ನು ಹೊಲದಲ್ಲಿರುವ ಎಲೆಗಳ ಸಂಖ್ಯೆಯಿಂದ ಸುಮ್ನೆ ಗುಣಿಸಿದರೂ ಆಗದು. ಮೇಲಿನ ಎಲೆಗಳಿಗೆ ಬೆಳಕು ಮಿಕ್ಕುತ್ತದೆ, ಕೆಳಗಿನವಕ್ಕೆ ಸಾಲುವುದಿಲ್ಲ. ಅದಕ್ಕೇ ಅನೇಕ ಮಾದರಿಗಳು ಬಿಸಿಲಿನ ಎಲೆ, ನೆರಳಿನ ಎಲೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತವೆ. ಇದಕ್ಕೆ ಒಂದು ಪುಟ ಕೊಟ್ಟರೂ ತಪ್ಪಿಲ್ಲ.

ಉಪಗ್ರಹ ದ್ಯುತಿಸಂಶ್ಲೇಷಣೆಯನ್ನು "ನೇರವಾಗಿ ಅಳೆಯುತ್ತದೆ" ಎಂಬುದನ್ನೂ ತಿದ್ದಿ. ಅದು ಕಾಣುವುದು ಪತ್ರಹರಿತ್ತು ಹೊರಸೂಸುವ ಮಂಕು ಬೆಳಕನ್ನು. ಅಲ್ಲಿಂದ ಮುಂದಿನದ್ದು ಅಂದಾಜು.

ಹೊಸ ಕರಡಿಗೆ ಒಂದೇ ಬೆಳೆ ಆರಿಸಿಕೊಳ್ಳಿ. ಮಾದರಿಯ ಅಂದಾಜು ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂಬುದನ್ನೂ ಬರೆಯಿರಿ. ನಾನೇ ಓದುತ್ತೇನೆ, ಕಳಿಸಿ.